ತುಂಡುಗೆರೆಯ ಚೌಕ

ಘಟನೆಗಳ ಕ್ರಮ ಹೀಗಿದೆ. ಮೊದಲನೆಯ ವಾರದ ಸೋಮವಾರ, ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ, ಪತ್ರಿಕೆಯ ಕಚೇರಿಯ ಕಿಟಕಿಯ ಬಳಿ ಅವರಿಬ್ಬರ ಭೇಟಿಯಾಯಿತು. ಮೂರನೆಯ ವಾರದ ಮಂಗಳವಾರ ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿದರು. ನಾಲ್ಕನೆಯ ವಾರದ ಬುಧವಾರ ಒಂದು ಪತ್ರ ಬಂತು. ಗುರುವಾರ ಅದಕ್ಕೆ ಉತ್ತರ ಸಿದ್ಧವಾಯಿತು. ಆರನೆಯ ವಾರದ ಸೋಮವಾರ ಒಂದು ಚೌಕದ ಗೆರೆ ಬದಲಾಯಿತು. ತಾರೀಖುಗಳ ಲೆಕ್ಕದಲ್ಲಿ ಕಥೆ ಇಷ್ಟೇ. ಉಳಿದದ್ದೆಲ್ಲ ಈ ದಿನಗಳ ನಡುವಿನ ಖಾಲಿ ಜಾಗದಲ್ಲಿ ನಡೆಯಿತು.

ಅವಳು ಆ ಪತ್ರಿಕೆಯ ಪರಿಶೀಲಕಿ. ವರದಿಗಾರರು ಬರೆದದ್ದೆಲ್ಲ ಅಚ್ಚಿಗೆ ಹೋಗುವ ಮೊದಲು ಅವಳ ಮೇಜನ್ನು ದಾಟಬೇಕಿತ್ತು. ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ಮಿಲಿಗ್ರಾಂಗಳನ್ನು ತೂಗಿ ಅಭ್ಯಾಸವಾದ ಕಣ್ಣು ಅವಳದು. ಆ ಕಣ್ಣು ಈಗ ಹೆಸರುಗಳನ್ನು, ಇಸವಿಗಳನ್ನು, ಅಲ್ಪವಿರಾಮಗಳನ್ನು ತೂಗುತ್ತಿತ್ತು. ಕಚೇರಿಯವರು ಅವಳಿಗೆ ‘ತಕ್ಕಡಿ’ ಎಂದು ಹೆಸರಿಟ್ಟಿದ್ದರು. ಅದು ಅವಳಿಗೆ ಗೊತ್ತಿತ್ತು. ಕಾಗುಣಿತ ಸರಿಯಾಗಿದ್ದರೆ ಅವಳ ಆಕ್ಷೇಪವಿರಲಿಲ್ಲ.

ಆ ಸೋಮವಾರ ಅವಳು ಒಳಗೆ ಬಂದಾಗ, ಕಿಟಕಿಯ ಎದುರು ಸ್ಟೂಲಿನ ಮೇಲೆ ಒಬ್ಬ ಯುವಕ ಕುಳಿತಿದ್ದ. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲಿನಿಂದ ಕಿಟಕಿಯ ಚೌಕಟ್ಟನ್ನು ಅಳೆಯುತ್ತಿದ್ದ.

“ಕಿಟಕಿ ಸರಿಮಾಡೋಕೆ ಬಂದ್ರಾ?” ಎಂದು ಅವಳು ಕೇಳಿದಳು.

“ಇಲ್ಲ. ಕಿಟಕಿ ಬರೆಯೋಕೆ.”

“ಸಂತೋಷ. ಆದ್ರೆ ಮೂರು ತಿಂಗಳಿಂದ ಅದರ ಚಿಲಕ ಬೀಳ್ತಿಲ್ಲ. ಮೊದ್ಲು ಅದನ್ನ ನೋಡಿ.”

“ನೋಡಿದೆ. ಯಾಕೆ ಬೀಳ್ತಿಲ್ಲ ಅನ್ನೋದನ್ನೂ ಬರೆದಿದ್ದೀನಿ.”

ಅವನು ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದ. ಚಿಲಕದ ಚಿತ್ರವಿತ್ತು. ನಾಲ್ಕು ತೂತು, ಮೂರು ಸ್ಕ್ರೂ. ಮೂರು ತಿಂಗಳಿಂದ ದಿನವೂ ಆ ಕಿಟಕಿಯೊಡನೆ ಗುದ್ದಾಡುತ್ತಿದ್ದ ಅವಳು ಈಗ ಹತ್ತಿರ ಹೋಗಿ ನೋಡಿದಳು. ನಾಲ್ಕನೆಯ ಸ್ಕ್ರೂ ಇರಲಿಲ್ಲ.

“ಸರಿಯಾಗಿದೆ,” ಎಂದಳು. ಯಾಕೋ ಸಿಟ್ಟು ಬಂತು.

“ಹಾಗಾದ್ರೆ ಇಲ್ಲಿಯವರು ಹೇಳಿದ ತಕ್ಕಡಿ ನೀವೇ,” ಎಂದು ಅವನು ನಕ್ಕ.

ಅವನು ಚಿತ್ರಗಾರ. ಬೇರೊಂದು ಊರಿನಲ್ಲಿ ಪಠ್ಯಪುಸ್ತಕಗಳಿಗೆ ಹೂವಿನ ಭಾಗಗಳನ್ನೂ ಕಪ್ಪೆಯ ಜೀರ್ಣಾಂಗಗಳನ್ನೂ ಬರೆದುಕೊಂಡಿದ್ದವನು, ಆ ಕೆಲಸಕ್ಕೆ ಒಂದು ತಿಂಗಳ ರಜೆ ಹಾಕಿ ಬಂದಿದ್ದ. ಕಾರಣ ಒಂದೇ. ಸುದ್ದಿಯನ್ನು ಚಿತ್ರಕಥೆಯ ಚೌಕಗಳಲ್ಲಿ ಹೇಳಬೇಕೆಂಬ ಹುಚ್ಚು ಅವನಿಗೆ ಹಿಡಿದಿತ್ತು.

ಆ ದಿನದ ಸಭೆಯಲ್ಲಿ ಸಂಪಾದಕಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವನನ್ನು ನೋಡಿದರು. “ಮಕ್ಕಳ ಪುಟ ಭಾನುವಾರ ಇದೆಯಲ್ಲಪ್ಪ.”

“ಇದು ಮಕ್ಕಳ ಪುಟ ಅಲ್ಲ ಮೇಡಂ, ವರದಿ. ಹೋಗ್ತೀನಿ, ನೋಡ್ತೀನಿ, ಜನರನ್ನ ಮಾತಾಡಿಸ್ತೀನಿ. ಬರೀವಾಗ ಮಾತ್ರ ಚಿತ್ರ ಬರೀತೀನಿ.”

“ಬರೆಯೋರು ಬೇರೆ, ಚಿತ್ರದವರು ಬೇರೆ.”

“ನಮ್ಮ ಭಾಷೇಲಿ ಎರಡಕ್ಕೂ ಬರೆಯೋದು ಅಂತಾನೇ ಅಲ್ವಾ ಮೇಡಂ?”

ಸಂಪಾದಕಿಗೆ ನಗು ಬಂತು. ಅವರು ನಗುವಾಗಲೂ ಷರತ್ತು ಹಾಕುವವರು. ನಾಲ್ಕು ಶನಿವಾರ, ಪ್ರತಿ ಶನಿವಾರಕ್ಕೂ ಒಂದು ಪೂರ್ತಿ ಪುಟ. ಚಿತ್ರ ನಂಬಿದ ಓದುಗರು ಬೇಗ ಮೋಸಹೋಗುತ್ತಾರೆ. ಆದ್ದರಿಂದ ಒಂದೇ ಒಂದು ತಿದ್ದುಪಡಿ ಅಚ್ಚಾಗಬೇಕಾಗಿ ಬಂದರೂ ಆ ದಿನವೇ ಪುಟದ ಬಾಗಿಲು ಮುಚ್ಚಿದಂತೆ. ಚಿತ್ರಗಾರ ಬಂದ ರೈಲಿನಲ್ಲೇ ಹೂವಿನ ಭಾಗಗಳಿಗೆ ಹಿಂದಿರುಗಬಹುದು.

“ತಕ್ಕಡಿ, ಇವರ ಪುಟ ನಿನ್ನ ಜವಾಬ್ದಾರಿ,” ಎಂದರು.

ಅಕ್ಷರವನ್ನು ಪರಿಶೀಲಿಸುವುದು ಅವಳಿಗೆ ಗೊತ್ತಿತ್ತು. ಗೆರೆಯನ್ನು ಪರಿಶೀಲಿಸುವುದು ಹೇಗೆ? ಮರುದಿನ ಅವಳು ಗೀಟು ಹಾಕಿದ ಪಟ್ಟಿಯೊಂದಿಗೆ ಅವನ ಮೇಜಿನ ಎದುರು ಕುಳಿತಳು.

“ನೀವು ಕಣ್ಣಾರೆ ಕಂಡಿದ್ದು ಯಾವುದು, ಯಾರೋ ಹೇಳಿದ್ದು ಯಾವುದು ಅಂತ ಓದೋರಿಗೆ ಹೇಗೆ ಗೊತ್ತಾಗುತ್ತೆ?”

ಅವನು ಯೋಚಿಸಿದ. ಬಳಿಕ ಎರಡು ಚೌಕ ಬರೆದ. ಒಂದರ ಗೆರೆ ಪೂರ್ತಿ. ಇನ್ನೊಂದರದು ತುಂಡು ತುಂಡು.

“ಇದು ಕಂಡಿದ್ದು. ಇದು ಕೇಳಿದ್ದು.”

ಅವಳಿಗೆ ಅದು ಇಷ್ಟವಾಯಿತು. ಮುಖದಲ್ಲಿ ತೋರಿಸಲಿಲ್ಲ. “ಕೇಳಿದ್ದಕ್ಕೆ ಎರಡು ಮೂಲ ಬೇಕು. ಒಬ್ಬರು ಹೇಳಿದ್ರೆ ಅದು ಮಾತು. ಇಬ್ಬರು ಬೇರೆ ಬೇರೆಯಾಗಿ ಅದನ್ನೇ ಹೇಳಿದ್ರೆ ಸುದ್ದಿ.”

“ಕಲ್ಪಿಸಿಕೊಂಡಿದ್ದಕ್ಕೆ?”

“ಅದಕ್ಕೆ ಚೌಕಾನೇ ಇಲ್ಲ.”

“ಪಾಪ,” ಎಂದು ಅವನು ಯಾವುದೋ ಚೌಕದ ಪರವಾಗಿ ನಿಟ್ಟುಸಿರಿಟ್ಟ.

ಮೊದಲ ಶನಿವಾರ ಬಸ್ ನಿಲ್ದಾಣದ ಬಳಿ ಚಪ್ಪಲಿ ರಿಪೇರಿ ಮಾಡುವ ಮುದುಕರೊಬ್ಬರ ಬಗ್ಗೆ ವರದಿ ಬಂತು. ಅದಕ್ಕೆ ಮುನ್ನ ಅವಳು ಇಪ್ಪತ್ಮೂರು ಪ್ರಶ್ನೆ ಕೇಳಿದ್ದಳು. ಆ ಮುದುಕರ ಸುತ್ತಿಗೆಯ ಹಿಡಿ ಹೊಸದೋ ಹಳೆಯದೋ? ಅಂಗಡಿಯ ಕೊಡೆಯಲ್ಲಿ ಕಡ್ಡಿ ಎಂಟೋ ಹತ್ತೋ? ಬೇರೆ ವರದಿಗಾರರು ಅವಳ ಪ್ರಶ್ನೆಗಳನ್ನು ಕಂಡರೆ ಕಾಫಿಗೆಂದು ಎದ್ದು ಹೋಗುತ್ತಿದ್ದರು. ಇವನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದ.

“ಇಪ್ಪತ್ನಾಲ್ಕನೇ ಪ್ರಶ್ನೆ ಇಲ್ವಾ?” ಎಂದು ಕೇಳಿದ.

“ಇಲ್ಲ.”

“ಒಂದು ಯೋಚಿಸಿ. ಟೀ ಇನ್ನೂ ಅರ್ಧ ಇದೆ.”

ಆ ವಾರ ಬಂದ ಓದುಗರ ಪತ್ರಗಳು ಮೂರು. ಅವುಗಳಲ್ಲಿ ಎರಡು, ಪೇಪರಿನಲ್ಲಿ ಬೊಂಬೆ ಯಾಕೆ ಎಂದು ಬೈದಿದ್ದವು. ದಿನವಿಡೀ ನಿಲ್ಲುವ ಬಸ್ ಕಂಡಕ್ಟರುಗಳ ಕಾಲುಗಳ ಬಗ್ಗೆ ಎರಡನೆಯ ವಾರ ಬರೆದಾಗ ಹತ್ತೊಂಬತ್ತು ಪತ್ರ ಬಂದವು. ಬೈದದ್ದು ಒಂದೇ, ಅದೂ ಪುಟ ಚಿಕ್ಕದಾಯಿತು ಎಂದು.

ಮೂರನೆಯ ವರದಿಗೆ ಅವನು ಆಯ್ದದ್ದು ಮದುವೆ ನೋಂದಣಿ ಕಚೇರಿಯನ್ನು. ಅದು ಒಂದು ಹಳೆಯ ಸರ್ಕಾರಿ ಕಟ್ಟಡದ ಆರನೆಯ ಮಹಡಿಯಲ್ಲಿತ್ತು. ಕಟ್ಟಡದ ಲಿಫ್ಟಿನ ಮುಂದೆ ‘ದುರಸ್ತಿಯಲ್ಲಿದೆ’ ಎಂಬ ಫಲಕ ತೂಗಲಾರಂಭಿಸಿ ಹನ್ನೊಂದು ತಿಂಗಳಾಗಿತ್ತು. ಮದುವೆಯಾಗಬೇಕೆನ್ನುವವರೆಲ್ಲ ಹತ್ತಿಯೇ ಆಗಬೇಕಿತ್ತು. ಒಳಗೆ ಕ್ಯಾಮೆರಾಕ್ಕೆ ಅನುಮತಿಯಿಲ್ಲ, ಇದ್ದರೂ ಪ್ರಯೋಜನವಿಲ್ಲ. ಅಲ್ಲಿಗೆ ಬರುವ ಜೋಡಿಗಳಲ್ಲಿ ಅರ್ಧದಷ್ಟು ಜನ ಮನೆಯಲ್ಲಿ ಹೇಳದೆ ಬಂದವರು. ಫೋಟೋ ಎಂದರೆ ಮುಖ ಮುಚ್ಚಿಕೊಂಡು ಓಡುವವರು. ಪೆನ್ಸಿಲಿಗೆ ಯಾರೂ ಹೆದರಲಿಲ್ಲ. ಅವನು ಮುಖಗಳನ್ನು ಬದಲಿಸುತ್ತಿದ್ದ. ಗಂಟೆಯನ್ನು, ಚಪ್ಪಲಿಯನ್ನು, ಆಡಿದ ಮಾತನ್ನು ಬದಲಿಸುತ್ತಿರಲಿಲ್ಲ.

ಮಂಗಳವಾರ ಬೆಳಗ್ಗೆ ಅವಳು ಪಟ್ಟಿ ಹಿಡಿದು ಆ ಕಟ್ಟಡದ ಕೆಳಗೆ ಹಾಜರಾದಳು.

“ಎಷ್ಟು ಮೆಟ್ಟಿಲು ಅಂತ ಪುಟದಲ್ಲಿ ಬರಬೇಕು. ಎಣಿಸೋಣ. ಮಾತಾಡಬೇಡಿ.”

“ಉಸಿರಾಡಬಹುದಾ?”

“ಮೆಲ್ಲಗೆ.”

ಹತ್ತಿದರು. ಚಪ್ಪಲಿಯನ್ನು ಕೈಯಲ್ಲಿ ಹಿಡಿದ ವಧುವೊಬ್ಬಳು ಅವರನ್ನು ದಾಟಿ ಓಡಿದಳು. ಹಿಂದೆಯೇ ವರ, ಅವನ ಹಿಂದೆ ಫೈಲು ಹಿಡಿದ ಇನ್ನೊಬ್ಬ. ಮೂರನೆಯ ಮಹಡಿಯಲ್ಲಿ ದಢೂತಿ ಮನುಷ್ಯರೊಬ್ಬರು ನೆಲದ ಮೇಲೆ ಕುಳಿತು, ಮೇಲಿನ ಜೋಡಿಗೆ ಕೂಗಿ ಹೇಳುತ್ತಿದ್ದರು: “ಸಾಕ್ಷಿ ಹಾಕೋದು ತಾನೇ? ನಾನಿಲ್ಲೇ ಹಾಕ್ತೀನಿ. ರಿಜಿಸ್ಟರ್ ಕೆಳಗೆ ತಗೊಂಡ್ಬನ್ನಿ!”

ಅವಳು ತುಟಿ ಕಚ್ಚಿ ಎಣಿಕೆ ಉಳಿಸಿಕೊಂಡಳು. ತೊಂಬತ್ತೊಂಬತ್ತು. ನೂರು. ನೂರ ಒಂದು.

“ಒಂದೇ ಪ್ರಶ್ನೆ,” ಎಂದ ಅವನು, ಹಿಂದಿನಿಂದ. “ಎಲ್ಲರನ್ನೂ ನೀವು ಪರಿಶೀಲಿಸ್ತೀರಿ. ನಿಮ್ಮನ್ನ ಯಾರು ಪರಿಶೀಲಿಸ್ತಾರೆ?”

ಅವಳ ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ತಿರುಗಿ ನೋಡಿದಳು. ಎರಡು ಮೆಟ್ಟಿಲು ಕೆಳಗೆ ನಿಂತಿದ್ದುದರಿಂದ ಅವನ ಕಣ್ಣುಗಳು ಅವಳ ಕಣ್ಣುಗಳಿಗೆ ಸರಿಸಮವಾಗಿದ್ದವು. ಅವು ಕಂದು ಬಣ್ಣದವು. ಎಡಗಣ್ಣಿನ ಕಂದಿನಲ್ಲಿ ಒಂದು ಚಿಕ್ಕ ಕಪ್ಪು ಚುಕ್ಕೆ. ನೋಡಲು ಬೇಕಾದದ್ದಕ್ಕಿಂತ ಸುಮಾರು ನಾಲ್ಕು ಸೆಕೆಂಡು ಹೆಚ್ಚೇ ನೋಡಿದಳು.

“ನೂರ ಮೂರಾ, ನೂರ ನಾಲ್ಕಾ?” ಎಂದು ಅವನು ಮೆಲ್ಲಗೆ ಕೇಳಿದ.

ಅವಳಿಗೆ ಗೊತ್ತಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವಳ ಎಣಿಕೆ ತಪ್ಪಿತ್ತು.

“ನೂರ ಮೂರು ಅನ್ಸುತ್ತೆ,” ಎಂದಳು. ಆಮೇಲೆ, ‘ಅನ್ಸುತ್ತೆ’ ಎಂಬ ಮಾತು ತನ್ನ ಬಾಯಿಂದ ಬಂದದ್ದನ್ನು ಕೇಳಿ ಗಾಬರಿಗೊಂಡು, ಪಟ್ಟಿಯನ್ನು ಎದೆಗೆ ಅವುಚಿಕೊಂಡು, ದಡದಡನೆ ಕೆಳಗಿಳಿದು ಹೋದಳು. ಪುನಃ ಒಂದರಿಂದ ಆರಂಭಿಸಿದಳು. ಈ ಸಲ ಗಟ್ಟಿಯಾಗಿ ಎಣಿಸಿದಳು. ನಾಲ್ಕನೆಯ ಮಹಡಿಯಲ್ಲಿ ಕುಳಿತು ಬರೆಯುತ್ತಿದ್ದವನನ್ನು ದಾಟುವಾಗ, ಮಾತಾಡೀರಿ ಜೋಕೆ ಎಂಬಂತೆ ಬೆರಳೆತ್ತಿದಳು. ಆರನೆಯ ಮಹಡಿ ಮುಟ್ಟಿ ಹಿಂದಿರುಗಿದಾಗ ಹಣೆಯ ಮೇಲೆ ಬೆವರಿತ್ತು, ಕಣ್ಣಲ್ಲಿ ಗೆಲುವಿತ್ತು.

“ನೂರ ಅರವತ್ತೆಂಟು.”

ಅವನು ತನ್ನ ಚಿತ್ರಗಳನ್ನು ನೋಡಿಕೊಂಡ. “ನನ್ನ ಲೆಕ್ಕದಲ್ಲಿ ನೂರ ಐವತ್ತಾರು. ಮಹಡಿಗೆ ಎರಡು ಸಾಲು, ಒಟ್ಟು ಹನ್ನೆರಡು ಸಾಲು. ಸಾಲಿಗೆ ಹದಿಮೂರು ಮೆಟ್ಟಿಲು.”

“ನೀವು ಕೂತು ಎಣಿಸಿದ್ದೀರಿ. ನಾನು ಹತ್ತಿ ಎಣಿಸಿದ್ದೀನಿ.”

“ಹಾಗಾದ್ರೆ ನಿಮ್ಮ ಕಾಲೇ ಸಾಕ್ಷಿ,” ಎಂದು ಅವನು ನಕ್ಕು ಒಪ್ಪಿದ. ಚಿತ್ರದ ಕೆಳಗಿನ ಸಂಖ್ಯೆಯನ್ನು ಅಳಿಸಿ ನೂರ ಅರವತ್ತೆಂಟು ಎಂದು ಬರೆದ. ನಗುವಾಗ ಕೆನ್ನೆ ಒರೆಸಿಕೊಂಡದ್ದರಿಂದ ಅಲ್ಲಿ ಪೆನ್ಸಿಲಿನ ಸೀಸ ಹತ್ತಿತು.

ಎರಡು ಅಳತೆಗಳ ನಡುವೆ ಹನ್ನೆರಡರ ವ್ಯತ್ಯಾಸ ಬಂದರೆ ಅದರ ಕಾರಣವನ್ನು ಹುಡುಕಬೇಕು. ಪ್ರಯೋಗಾಲಯದ ಮೊದಲ ವರ್ಷದಲ್ಲೇ ಕಲಿಸುವ ಪಾಠ ಅದು. ಅವಳು ಹುಡುಕಲಿಲ್ಲ. ಆ ಹೊತ್ತಿನಲ್ಲಿ ಅವಳು ಕೆನ್ನೆಯ ಮೇಲಿನ ಸೀಸದ ಗುರುತನ್ನು ನೋಡುತ್ತಿದ್ದಳು.

ಶನಿವಾರ ‘ಆರನೆಯ ಮಹಡಿಯ ಮದುವೆ’ ಅಚ್ಚಾಯಿತು. ಅರವತ್ತೊಂದು ಪತ್ರಗಳು ಬಂದವು. ಯಾರೋ ಆ ಪುಟವನ್ನು ಕತ್ತರಿಸಿ ಲಿಫ್ಟಿನ ಫಲಕದ ಪಕ್ಕದಲ್ಲೇ ಅಂಟಿಸಿದರು. ಎದುರಾಳಿ ಪತ್ರಿಕೆಯೊಂದು ‘ಬೊಂಬೆಯಲ್ಲಿ ವರದಿ ಬರೆಯಬಲ್ಲವರು ಬೇಕಾಗಿದ್ದಾರೆ’ ಎಂದು ಜಾಹೀರಾತು ಹಾಕಿತು. ಸಂಪಾದಕಿ ಅದನ್ನು ಕತ್ತರಿಸಿ ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು.

ಬುಧವಾರ ಬಂದದ್ದು ಅರವತ್ತೆರಡನೆಯ ಪತ್ರ. ಕಟ್ಟಡದ ನಿರ್ವಹಣಾ ವಿಭಾಗದ್ದು, ಮೊಹರು ಒತ್ತಿದ್ದು. ಸಂಪಾದಕಿ ಇಬ್ಬರನ್ನೂ ಒಳಗೆ ಕರೆದು ಓದಿದರು.

“‘ಕಟ್ಟಡದ ದಾಖಲೆಯ ಪ್ರಕಾರ ಮೆಟ್ಟಿಲುಗಳ ಸಂಖ್ಯೆ ನೂರ ಐವತ್ತಾರು. ತಮ್ಮ ಪತ್ರಿಕೆಯ ಚಿತ್ರದಲ್ಲಿಯೂ ಸಾಲಿಗೆ ಹದಿಮೂರರಂತೆ ಅಷ್ಟೇ ಕಾಣುತ್ತವೆ. ಅದರ ಕೆಳಗೇ ನೂರ ಅರವತ್ತೆಂಟು ಎಂದು ಬರೆದು ಜನರ ತೊಂದರೆಯನ್ನು ಉತ್ಪ್ರೇಕ್ಷಿಸಲಾಗಿದೆ. ತಿದ್ದುಪಡಿ ಪ್ರಕಟಿಸತಕ್ಕದ್ದು.’” ಅವರು ಪುಟವನ್ನು ಮೇಜಿನ ಮೇಲೆ ಹರಡಿದರು. “ನಾನೂ ಎಣಿಸಿದೆ. ಚಿತ್ರ ಒಂದು ಹೇಳುತ್ತೆ, ಅಕ್ಷರ ಒಂದು ಹೇಳುತ್ತೆ. ಒಂದೇ ಪುಟದಲ್ಲಿ!”

ಅವಳು ಚಿತ್ರದ ಮೆಟ್ಟಿಲುಗಳ ಮೇಲೆ ಬೆರಳಿಟ್ಟು ಮತ್ತೆ ಎಣಿಸಲಾರಂಭಿಸಿದಳು.

“ತಪ್ಪು ನಂದು ಮೇಡಂ,” ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ. “ಎಣಿಸೋವಾಗ ಗಮನ ಬೇರೆ ಕಡೆ ಇತ್ತು.”

“ಅದು ಸುಳ್ಳು,” ಎಂದಳು ಅವಳು. “ಅವರು ನೂರ ಐವತ್ತಾರು ಅಂತಾನೇ ಹೇಳಿದ್ರು. ತಿದ್ದಿಸಿದ್ದು ನಾನು. ಗಮನ ಬೇರೆ ಕಡೆ ಇದ್ದಿದ್ದೂ ನಂದೇ.”

ಸಂಪಾದಕಿ ಇಬ್ಬರನ್ನೂ ಒಂದೊಂದು ಸಲ ನೋಡಿದರು. “ಯಾರದ್ದೇ ಆಗಲಿ. ಷರತ್ತು ಷರತ್ತೇ. ಶುಕ್ರವಾರ ಮಧ್ಯಾಹ್ನದೊಳಗೆ ತಿದ್ದುಪಡಿ ನನ್ನ ಮೇಜಿನ ಮೇಲಿರಬೇಕು.”

ಹೊರಗಿನ ಕಾರಿಡಾರಿನಲ್ಲಿ ಅವನು ನಗಲು ಪ್ರಯತ್ನಿಸಿದ. “ಸೋಮವಾರದಿಂದ ಮತ್ತೆ ಹೂವಿನ ಭಾಗಗಳು. ಕೇಸರ, ಶಲಾಕೆ... ಮರೆತಿಲ್ಲ ನೋಡಿ.”

“ಯಾಕೆ ಸುಳ್ಳು ಹೇಳಿದ್ರಿ?”

“ಒಂದೇ ಒಂದು ಸಲ ನಿಮ್ಮ ಕೈಗೆ ಸಿಕ್ಕಿಬೀಳದೆ ಹೇಳೋಣ ಅಂದ್ಕೊಂಡೆ. ಎರಡು ಸೆಕೆಂಡೂ ಆಗ್ಲಿಲ್ಲ.”

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಅವನು ರೈಲು ಹತ್ತಿದರೆ ಆ ಕಿಟಕಿಯ ಎದುರಿನ ಸ್ಟೂಲು ಖಾಲಿಯಾಗುತ್ತದೆ. ಹೋಗುವುದು ಒಂದು ಪುಟ ಮಾತ್ರವಲ್ಲ ಎಂಬುದು ಅವಳಿಗೆ ಖಚಿತವಾಗಿತ್ತು. ಅದನ್ನು ಯಾವ ಪಟ್ಟಿಯ ಯಾವ ಅಂಕಣದಲ್ಲಿ ಬರೆಯುವುದೆಂದು ಮಾತ್ರ ತಿಳಿಯಲಿಲ್ಲ.

ಆ ಸಂಜೆ ಮನೆಯಲ್ಲಿ ಅವಳು ತಟ್ಟೆಯ ಮುಂದೆ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಅಪ್ಪ ನಲವತ್ತು ವರ್ಷ ಕಲ್ಲು ಹಾಸಿದ ಮೇಸ್ತ್ರಿ. ಬೆರಳ ಗೆಣ್ಣುಗಳಲ್ಲಿ ಸಿಮೆಂಟಿನ ಬಿಳುಪು ಇನ್ನೂ ಉಳಿದಿತ್ತು.

“ಊಟಕ್ಕೆ ಕೂತಾಗಿಂದ ‘ಅವರು, ಅವರು’ ಅಂತ ಹನ್ನೊಂದು ಸಲ ಅಂದೆ,” ಎಂದಳು ಅಮ್ಮ.

“ನೀನ್ಯಾಕಮ್ಮ ಎಣಿಸ್ತಿದ್ದೀಯ?”

“ನಿನ್ನ ಹೆತ್ತವಳಲ್ವಾ.”

ಅಪ್ಪ ನಗಲಿಲ್ಲ. ಏನನ್ನೋ ಯೋಚಿಸುತ್ತಿದ್ದರು. “ಆ ನೂರ ಐವತ್ತಾರು ಎಣಿಸಿದ್ದು ಯಾರು ಪುಟ್ಟಿ? ಕಲ್ಲು ಕೊಳ್ಳೋನಾ, ಹತ್ತೋನಾ?”

“ಅದರಲ್ಲೇನು ವ್ಯತ್ಯಾಸ ಅಪ್ಪ?”

“ಅಯ್ಯೋ, ಅದರಲ್ಲೇ ಇರೋದು!” ಅಪ್ಪ ಎಡಗೈಯಿಂದ ಕಪಾಟಿನ ಮೂರು ಪುಸ್ತಕಗಳನ್ನು ಎಳೆದು, ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಹಿಂದೆ ಸರಿಸಿ ಜೋಡಿಸಿದರು. ಹಿಂದುಗಡೆ, ಅವುಗಳಿಗಿಂತ ಎತ್ತರವಾಗಿ, ಅಮ್ಮನ ಹೊಲಿಗೆ ಡಬ್ಬಿಯನ್ನು ಇಟ್ಟರು. “ಇದು ಮೇಲಿನ ನೆಲ. ನಾನು ಎಷ್ಟು ಕಲ್ಲು ತರಿಸ್ಬೇಕು?”

“ಮೂರು.”

“ಈಗ ಬೆರಳಲ್ಲಿ ಹತ್ತು.”

ಅವಳು ಎರಡು ಬೆರಳುಗಳನ್ನು ಕಾಲುಗಳಂತೆ ನಡೆಸಿದಳು. ಒಂದು, ಎರಡು, ಮೂರು ಪುಸ್ತಕ. ಮತ್ತೆ ಒಮ್ಮೆ ಎತ್ತಿ, ಡಬ್ಬಿಯ ಮೇಲೆ. ನಾಲ್ಕು.

ಅವಳ ಬೆರಳುಗಳು ಡಬ್ಬಿಯ ಮೇಲೆಯೇ ನಿಂತವು. ಕೊನೆಯ ಕಲ್ಲಿನಿಂದ ನೆಲಕ್ಕೆ ಎತ್ತುವ ಕಾಲು! ಸಾಲಿಗೆ ಒಂದು ಹೆಚ್ಚು. ಹನ್ನೆರಡು ಸಾಲಿಗೆ ಹನ್ನೆರಡು. ಅವನು ಬರೆದದ್ದು ಕಲ್ಲುಗಳನ್ನು, ಅವಳು ಎಣಿಸಿದ್ದು ಹೆಜ್ಜೆಗಳನ್ನು. ಇಬ್ಬರೂ ಸರಿ!

“ಹನ್ನೆರಡನೇ ಸಲ ‘ಅವರು’ ಅನ್ನೋಕೆ ಹೊರಟಳು ನೋಡಿ,” ಎಂದಳು ಅಮ್ಮ.

ಗುರುವಾರ ಬೆಳಗ್ಗೆ ಅವಳು ಕಚೇರಿಗೆ ನಡೆದು ಬರಲಿಲ್ಲ, ಓಡಿ ಬಂದಳು. ಅವನು ಪೆನ್ಸಿಲುಗಳನ್ನು ಉದ್ದದ ಪ್ರಕಾರ ತಗಡಿನ ಡಬ್ಬಿಯಲ್ಲಿ ಜೋಡಿಸುತ್ತಿದ್ದ.

“ತೆಗೀರಿ ಹೊರಗೆ. ಎರಡು ಚೌಕ ಬರೀರಿ. ಪೂರ್ತಿ ಗೆರೆ. ಒಂದು ಸಾಲು ಮೆಟ್ಟಿಲು. ಮೊದಲನೇದರಲ್ಲಿ ಕಲ್ಲಿಗೆ ನಂಬರ್ ಹಾಕಿ. ಎರಡನೇದರಲ್ಲಿ ಆ ಚಪ್ಪಲಿ ಕೈಲಿ ಹಿಡಿದ ವಧು ಕಾಲು ಎತ್ತಿದಾಗೆಲ್ಲ ನಂಬರ್ ಹಾಕಿ.”

ಅವನು ಪ್ರಶ್ನಿಸದೆ ಬರೆಯಲಾರಂಭಿಸಿದ. ಹದಿಮೂರನೆಯ ಹೆಜ್ಜೆಯಲ್ಲಿ ಅವನ ಕೈ ನಿಧಾನವಾಯಿತು. ಹದಿನಾಲ್ಕನೆಯದನ್ನು ಬರೆದು, ತಲೆಯೆತ್ತಿ, ಅವಳನ್ನು ನೋಡಿ ಮುಖವಿಡೀ ನಕ್ಕ. ಇಡೀ ಕಚೇರಿಯಲ್ಲಿ ಅವನ ಎದುರಿಗೆ ಇನ್ನು ಯಾರೂ ಇಲ್ಲವೇನೋ ಎಂಬಂಥ ನಗು ಅದು.

ಸಂಪಾದಕಿ ಚೌಕಗಳನ್ನು ನೋಡಿದರು. ಕೆಳಗಿನ ಸಾಲು ಓದಿದರು: ‘ಕಲ್ಲು ಹದಿಮೂರು. ಎತ್ತಿದ ಕಾಲು ಹದಿನಾಲ್ಕು.’ ಎದ್ದು, ಕಚೇರಿಯ ಮುಂಬಾಗಿಲಿಗೆ ಹೋಗಿ, ಅಂಗಳಕ್ಕಿಳಿದು, ಒಂದೊಂದೇ ಹೆಜ್ಜೆ ಎಣಿಸುತ್ತ ಹತ್ತಿ ಬಂದರು. ಅಲ್ಲಿದ್ದದ್ದು ಮೂರು ಕಲ್ಲು.

“ನಾಲ್ಕು,” ಎಂದರು ಬಾಗಿಲಲ್ಲಿ ನಿಂತು. “ಇಪ್ಪತ್ತು ವರ್ಷದಿಂದ ಮೂರು ಅಂದ್ಕೊಂಡಿದ್ದೆ. ಇದು ತಿದ್ದುಪಡಿ ಅಲ್ಲ ಕಣ್ರಯ್ಯ, ವರದಿ. ಇದನ್ನೇ ಹಾಕಿ.”

“ಒಂದು ಮಾತು ಸೇರಿಸ್ಬೇಕು ಮೇಡಂ,” ಎಂದಳು ಅವಳು. “ಚಿತ್ರಕ್ಕೂ ಸಂಖ್ಯೆಗೂ ವ್ಯತ್ಯಾಸ ಯಾಕೆ ಅಂತ ಮೊದಲೇ ಹೇಳದೇ ಇದ್ದಿದ್ದು ಪರಿಶೀಲಕಿಯ ಲೋಪ ಅಂತ.”

“ಹಾಕಿಕೋ ತಾಯಿ. ಇಲ್ಲದಿದ್ರೆ ನಿನಗೆ ನಿದ್ದೆ ಬರಲ್ಲ.”

ಆ ಶನಿವಾರ ಎರಡು ಚೌಕಗಳೂ ಅಚ್ಚಾದವು. ಊರಿಡೀ ಜನ ತಮ್ಮ ಮನೆ, ಅಂಗಡಿ, ಬ್ಯಾಂಕುಗಳ ಮೆಟ್ಟಿಲನ್ನು ಎರಡೆರಡು ಬಾರಿ ಎಣಿಸಿ ಪತ್ರ ಬರೆದರು. ಪತ್ರಗಳನ್ನು ಇಡಲು ರಟ್ಟಿನ ಪೆಟ್ಟಿಗೆಯೊಂದು ಬೇಕಾಯಿತು. ಪುಟವನ್ನು ಸಂಪಾದಕಿ ಕಾಯಂ ಮಾಡಿದರು. ಚಿತ್ರಗಾರ ಹೂವಿನ ಭಾಗಗಳಿಗೆ ರಾಜೀನಾಮೆ ಬರೆದ. ಕಿಟಕಿಯ ಚಿಲಕಕ್ಕೆ ನಾಲ್ಕನೆಯ ಸ್ಕ್ರೂ ಬಂತು. ಅದನ್ನು ಹಾಕಿದವನು ಅವನೇ, ಕೆಳಗಿನಿಂದ ಸ್ಟೂಲು ಹಿಡಿದವಳು ಅವಳು. ನಿರ್ವಹಣಾ ವಿಭಾಗ ಮತ್ತೆ ಪತ್ರ ಬರೆಯಲಿಲ್ಲ. ಲಿಫ್ಟನ್ನು ಸರಿಮಾಡಿಸಿತು.

ಆರನೆಯ ವಾರದ ಸೋಮವಾರ, ಲಿಫ್ಟ್ ಮರಳಿ ಬಂದ ವರದಿಯನ್ನು ಅವನು ಅವಳ ಕೈಗಿತ್ತ. ಇಬ್ಬರೂ ಆ ಕಟ್ಟಡಕ್ಕೆ ಹೋದರು. ಕೆಳಗಿನಿಂದ ಆರನೆಯ ಮಹಡಿಗೆ ಲಿಫ್ಟಿನಲ್ಲಿ ನಲವತ್ತೊಂದು ಸೆಕೆಂಡು. ಅವಳು ಮೂರು ಬಾರಿ ಅಳೆದಳು. ಒಂಬತ್ತು ಚೌಕಗಳೂ ಸರಿಯಿದ್ದವು.

“ಇಲ್ಲಿ ಹತ್ತನೇದೊಂದಿದೆ,” ಎಂದಳು, ಹಾಳೆ ಮಗುಚಿ. ಹಿಂಬದಿಯಲ್ಲಿ ಚಿಕ್ಕ ಚೌಕವೊಂದಿತ್ತು. ಅವನು ಅದರ ಮೇಲೆ ಅಂಗೈ ಇಟ್ಟ.

“ಅದನ್ನ ಲಿಫ್ಟಲ್ಲಿ ಪರಿಶೀಲಿಸೋಕಾಗಲ್ಲ. ನಲವತ್ತೊಂದು ಸೆಕೆಂಡು ಸಾಲದು. ನೂರ ಮೂರನೇ ಮೆಟ್ಟಿಲಿಗೆ ಬರ್ಬೇಕು.”

ಮತ್ತೆ ಕೆಳಗಿಳಿದು, ಹತ್ತಿದರು. ಈ ಬಾರಿ ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಎಣಿಸಿದರು. ಎಲ್ಲರೂ ಲಿಫ್ಟ್ ಹಿಡಿದಿದ್ದರಿಂದ ಮೆಟ್ಟಿಲುಗಳು ಖಾಲಿಯಾಗಿದ್ದವು. ಅವರ ಎಣಿಕೆ ಗೋಡೆಗಳಿಗೆ ಬಡಿದು ಮರಳಿ ಬರುತ್ತಿತ್ತು. ನೂರ ಒಂದು. ನೂರ ಎರಡು. ನೂರ ಮೂರು.

ಅವನು ಎರಡು ಮೆಟ್ಟಿಲು ಕೆಳಗೆ ನಿಂತ. ಚೌಕದ ಮೇಲಿನಿಂದ ಅಂಗೈ ತೆಗೆದ.

ತುಂಡುಗೆರೆಯ ಚೌಕ. ಒಳಗೆ ಮೆಟ್ಟಿಲು, ಎದೆಗೆ ಪಟ್ಟಿ ಅವುಚಿ ಒಂದು ಕಾಲು ಎತ್ತಿದ ಹುಡುಗಿ, ಎರಡು ಮೆಟ್ಟಿಲು ಕೆಳಗೆ ಒಬ್ಬ ಹುಡುಗ. ಕೆಳಗೊಂದು ಸಾಲು: ‘ಇವರಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ.’

ಅವಳು ಗಂಟಲು ಸರಿಮಾಡಿಕೊಂಡಳು. ಕೆಲಸದ ದನಿಯನ್ನು ಹುಡುಕಿ ತಂದುಕೊಂಡಳು.

“ಮೂಲ ಒಂದು?”

“ನಾನು.”

“ಎಷ್ಟು ದಿನದಿಂದ?”

“ಇಪ್ಪತ್ಮೂರು ಪ್ರಶ್ನೆ ಕೇಳಿದ ದಿನದಿಂದ. ಇಪ್ಪತ್ನಾಲ್ಕನೇದು ಇಲ್ಲ ಅಂದಾಗ ಖಚಿತ ಆಯ್ತು.”

“ಮೂಲ ಎರಡು?”

“ಗೊತ್ತಿಲ್ಲ. ಅದಕ್ಕೇ ತುಂಡುಗೆರೆ.” ಅವನ ಕಿವಿ ಕೆಂಪಾಗಿತ್ತು. “ಒಬ್ಬರು ಹೇಳಿದ್ರೆ ಅದು ಬರೀ ಮಾತು. ಗೊತ್ತು.”

ಅವಳು ಚಿತ್ರವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಹಾಳೆಯ ಹಿಂದೆ ತನ್ನ ಮುಖ ಅಡಗುತ್ತದೆ ಎಂಬುದೂ ಅದಕ್ಕೊಂದು ಕಾರಣ.

“ತಪ್ಪಿದೆ,” ಎಂದಳು.

ಅವನ ಮುಖ ಸಪ್ಪಗಾಯಿತು. “ಎಲ್ಲಿ?”

“ಬಲಗಾಲು ಎತ್ತಿಸಿದ್ದೀರಿ. ನಾನು ಪ್ರತಿ ಸಾಲನ್ನೂ ಎಡಗಾಲಿಂದ ಶುರು ಮಾಡ್ತೀನಿ. ಇದು ಎಂಟನೇ ಸಾಲಿನ ಐದನೇ ಹೆಜ್ಜೆ. ಎಡಗಾಲೇ ಇರ್ಬೇಕು.”

“ತಿದ್ತೀನಿ. ಅಷ್ಟೇನಾ?”

“ಇನ್ನೊಂದು ದೊಡ್ಡ ತಪ್ಪಿದೆ. ಗೆರೆ. ಇದು ಕೇಳಿದ್ದಲ್ಲ, ಕಂಡಿದ್ದು. ಪೂರ್ತಿ ಗೆರೆ ಬರ್ಬೇಕು.”

“ನಾನು ಕಂಡಿಲ್ವಲ್ಲ.”

ಅವಳು ಹಾಳೆಯನ್ನು ಕೆಳಗಿಳಿಸಿದಳು. “ಕಿಟಕಿಯ ಒಂದು ಸ್ಕ್ರೂ ಬಿದ್ದುಹೋಗಿರೋದು ಕಾಣುತ್ತೆ ನಿನಗೆ. ಇಷ್ಟು ಹತ್ತಿರ ನಿಂತು ಇದೊಂದು ಕಾಣಲ್ವಾ?”

ಗೋಡೆಯಾಚೆ ಲಿಫ್ಟ್ ಯಾರನ್ನೋ ಮದುವೆಗೆ ಹೊತ್ತೊಯ್ಯುತ್ತಿತ್ತು.

“‘ನಿನಗೆ’ ಅಂದ್ರಿ,” ಎಂದ ಅವನು.

“ಅಂದೆ.”

“ಬಾಯಿ ತಪ್ಪಿ ಅಂದ್ರಾ?”

“ನನ್ನ ಬಾಯಿ ತಪ್ಪಿದ್ದನ್ನ ಯಾವಾಗ ಕೇಳಿದ್ದೀಯ?” ಅವಳು ಒಂದು ಮೆಟ್ಟಿಲು ಕೆಳಗಿಳಿದಳು. “ಎರಡನೇ ಮೂಲ ನಾನು. ಯಾರೂ ಹೇಳಿಕೊಟ್ಟಿಲ್ಲ. ಬೇರೆಯಾಗಿ, ನಾನಾಗಿ ಹೇಳ್ತಿದ್ದೀನಿ. ಬರ್ಕೋ.”

ಅವನು ಬರೆದುಕೊಂಡ. ಗೋಡೆಗೆ ಹಾಳೆ ಆನಿಸಿ, ತುಂಡುಗೆರೆಯ ನಡುವಿನ ಖಾಲಿ ಜಾಗಗಳನ್ನು ಒಂದೊಂದಾಗಿ ಸೇರಿಸಿದ. ಗೆರೆ ಒಂದೆರಡು ಕಡೆ ಅಲುಗಿತು; ಅವಳು ಅದನ್ನು ಗಮನಿಸಿದಳು, ಆದರೆ ತಿದ್ದಿಸಲಿಲ್ಲ. ಬಲಗಾಲನ್ನು ಅಳಿಸಿ ಎಡಗಾಲು ಬರೆದ. ಕೆನ್ನೆ ಒರೆಸಿಕೊಂಡ. ಮತ್ತೆ ಅದೇ ಜಾಗದಲ್ಲಿ ಸೀಸ ಹತ್ತಿತು. ಈ ಸಲ ಅವಳು ಸುಮ್ಮನೆ ನೋಡುತ್ತ ನಿಲ್ಲದೆ, ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದಳು.

“ಈಗ ಪಟ್ಟಿ ಕೊಡು,” ಎಂದ ಅವನು. “ಅವತ್ತು ಕೇಳಿದ್ದಕ್ಕೆ ನೀನು ಉತ್ತರ ಹೇಳ್ಲಿಲ್ಲ. ನಿನ್ನನ್ನ ಯಾರು ಪರಿಶೀಲಿಸ್ತಾರೆ ಅಂತ.”

ಅವಳು ಪಟ್ಟಿಯನ್ನೂ ಕೆಂಪು ಪೆನ್ಸಿಲನ್ನೂ ಕೊಟ್ಟಳು. ಒಬ್ಬರೇ ಸಹಿ ಮಾಡುವ ಜಾಗದಲ್ಲಿ ಇಬ್ಬರೂ ಸಹಿ ಮಾಡಿದರು. ಕೊನೆಯ ಸಾಲನ್ನು ತುಂಬಿದವಳು ಅವಳೇ.

ಚೌಕ: ಹತ್ತು. ಗೆರೆ: ಪೂರ್ತಿ. ಮೂಲಗಳು: ಎರಡು, ಬೇರೆ ಬೇರೆಯಾಗಿ. ಫಲಿತಾಂಶ: ಹೇಳಿಕೆ ನಿಜ.